ಒಂದೇ ತೂತು, ಎರಡು ಪ್ಯಾಚ್: ವಿಸೆಂಟರ್ ದುರಸ್ತಿಯ ದಾಖಲೆ

ವಿಎಂವೇರ್‌ನ ಈಗಿನ ಒಡೆಯ ಬ್ರಾಡ್‌ಕಾಮ್, ವಿಸೆಂಟರ್ ಸಾಫ್ಟ್‌ವೇರ್ ಬಗ್ಗೆ ಕೊಟ್ಟ ಭದ್ರತಾ ಸೂಚನೆ ವಿಎಂಎಸ್‌ಎ-2024-0019 ಹೊರಬಿದ್ದದ್ದು 2024ರ ಸೆಪ್ಟೆಂಬರ್ 17ರಂದು. ಅವತ್ತು ಅನಂತ ಚತುರ್ದಶಿ. ಬೆಳಗಾವಿಯಲ್ಲಿ ಗಣಪತಿ ಕಳಿಸುವ ರಾತ್ರಿ ಯಾರೂ ಮೇಲ್ ನೋಡುವುದಿಲ್ಲ, ಮೆರವಣಿಗೆ ಮುಗಿಯುವ ಹೊತ್ತಿಗೆ ಮರುದಿನ ಆಗಿರುತ್ತದೆ. ಹಾಗಾಗಿ ನಾನು ಓದಿದ್ದು 18ರಂದು. ಓದುತ್ತಿದ್ದಂತೆ ನಿದ್ದೆಯ ಮಂಪರೆಲ್ಲ ಇಳಿಯಿತು.

ನಮ್ಮ ಸರಂಜಾಮು ದೊಡ್ಡದೇನಲ್ಲ. ಉದ್ಯಮಬಾಗದಲ್ಲಿ ಒಂದು ಎರಕದ ಕಾರ್ಖಾನೆ, ಅದರಲ್ಲಿ ಮೂರು ಇಎಸ್‌ಎಕ್ಸ್‌ಐ ಹೋಸ್ಟ್, ಅಂದರೆ ಒಂದೊಂದರೊಳಗೂ ಹಲವು ವರ್ಚುವಲ್ ಯಂತ್ರ (ವಿಎಂ) ಓಡಿಸುವ ಸರ್ವರ್. ಎರಡು ಆಫೀಸಿನ ಸರ್ವರ್ ಕೋಣೆಯಲ್ಲಿ ಒಂದು ಕೆಟ್ಟರೆ ಇನ್ನೊಂದು ಹೊರುವ ಎಚ್‌ಎ ಕ್ಲಸ್ಟರ್ ಆಗಿ ಇವೆ. ಮೂರನೆಯದು ಹಿಂದಿನ ಶೆಡ್‌ನಲ್ಲಿ, ಆಫೀಸಿಗೆ ಬೆಂಕಿಯೋ ನೀರೋ ಬಿದ್ದರೆ ಕೈಗೆ ಒಂದಾದರೂ ಇರಲಿ ಅಂತ. ಇವುಗಳ ಮೇಲೆ ಇಆರ್‌ಪಿ, ಟ್ಯಾಲಿ, ಹಾಜರಿ ಯಂತ್ರದ ಸಾಫ್ಟ್‌ವೇರ್, ಪ್ಯಾಟರ್ನ್ ಡ್ರಾಯಿಂಗ್‌ಗಳ ಫೈಲ್ ಸರ್ವರ್, ಡೊಮೇನ್ ಕಂಟ್ರೋಲರ್ ಓಡುತ್ತವೆ. ಮೂರೂ ಹೋಸ್ಟ್‌ಗಳನ್ನು ಆಳುವುದು ಒಂದೇ ವಿಸೆಂಟರ್ ಸರ್ವರ್, ಆಗ 8.0 ಅಪ್‌ಡೇಟ್ 2ರಲ್ಲಿ ಇತ್ತು. ಇದನ್ನೆಲ್ಲ ಅಳವಡಿಸಿದ್ದು ಹಿಂದಿನ ಒಬ್ಬ ಗುತ್ತಿಗೆದಾರರು, ನಾನು ಬಂದದ್ದು ಆಮೇಲೆ.

ಲೋಪದ ಸಂಖ್ಯೆ ಸಿವಿಇ-2024-38812. ವಿಸೆಂಟರ್ ಒಳಗೆ, ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರದ ಸೇವೆಯನ್ನು ಕರೆಯುವ ಡಿಸಿಇ-ಆರ್‌ಪಿಸಿ ಪ್ರೋಟೋಕಾಲ್‌ನ ಕೋಡಿನಲ್ಲಿ ಹೀಪ್ ಓವರ್‌ಫ್ಲೋ, ಅಂದರೆ ಮೆಮೊರಿಯಲ್ಲಿ ಮೀಸಲಿಟ್ಟ ಜಾಗ ಮೀರಿ ಬರೆಯುವ ದೋಷ. ನೆಟ್‌ವರ್ಕ್‌ನಲ್ಲಿ ವಿಸೆಂಟರ್‌ವರೆಗೆ ತಲುಪಬಲ್ಲ ಯಾರೇ ಆಗಲಿ, ಹೆಸರು-ಪಾಸ್‌ವರ್ಡ್ ಏನೂ ಕೊಡದೆ, ಬೇಕಂತಲೇ ಕೆಡಿಸಿ ಹೆಣೆದ ಪ್ಯಾಕೆಟ್ ಕಳಿಸಿ ಅಲ್ಲಿ ತನ್ನ ಕೋಡ್ ಓಡಿಸಬಹುದು. ತೀವ್ರತೆ 10ಕ್ಕೆ 9.8. ಅದರ ಜೊತೆಗೇ ಸಿವಿಇ-2024-38813, ತೀವ್ರತೆ 7.5, ಒಳಗೆ ಬಂದವನನ್ನು ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರದವರೆಗೆ ಏರಿಸುವಂಥದ್ದು. ಎರಡನ್ನೂ ಹುಡುಕಿದ್ದು ಚೀನಾದ 2024ರ ಮ್ಯಾಟ್ರಿಕ್ಸ್ ಕಪ್ ಸ್ಪರ್ಧೆಯಲ್ಲಿ ಟಿಝಡ್ಎಲ್ ಎಂಬ ತಂಡ.

ನನ್ನನ್ನು ಹೆಚ್ಚು ಕಾಡಿದ್ದು ಅಂಕಿಗಿಂತ ಸೂಚನೆಯ ಇನ್ನೊಂದು ಸಾಲು. ಉತ್ಪನ್ನದ ಒಳಗೆ ಮಾಡಬಹುದಾದ ತಾತ್ಕಾಲಿಕ ಪರಿಹಾರ ಯಾವುದೂ ಇಲ್ಲ ಅಂತ ಅಲ್ಲಿತ್ತು. 2021ರ ಮೇ ತಿಂಗಳಲ್ಲಿ ಸಿವಿಇ-2021-21985 ಬಂದಾಗ ಹೀಗಿರಲಿಲ್ಲ. ಅದು ವರ್ಚುವಲ್ ಸ್ಯಾನ್ ಹೆಲ್ತ್ ಚೆಕ್ ಪ್ಲಗಿನ್‌ನ ತೂತು. ಆ ಪ್ಲಗಿನ್ ಬಳಸದಿದ್ದರೂ ಎಲ್ಲರ ವಿಸೆಂಟರ್‌ನಲ್ಲಿ ಚಾಲೂ ಇರುತ್ತಿತ್ತು. ಆದರೆ ಕಾಂಪಾಟಿಬಿಲಿಟಿ ಮ್ಯಾಟ್ರಿಕ್ಸ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ಒಂದು ಸಾಲು ಸೇರಿಸಿ, ವಿಸ್ಫಿಯರ್-ಯುಐ ಸರ್ವಿಸ್ ನಿಲ್ಲಿಸಿ ಮತ್ತೆ ಹಚ್ಚಿದರೆ ಪ್ಲಗಿನ್ ಬಂದ್, ಪ್ಯಾಚ್ ಹಾಕುವವರೆಗೆ ಉಸಿರಾಡಬಹುದಿತ್ತು. ಈ ಸಲದ್ದು ಪ್ಲಗಿನ್ ಅಲ್ಲ, ವಿಸೆಂಟರ್‌ನ ಗುರುತು-ಪ್ರಮಾಣಪತ್ರಗಳ ಸೇವೆಗಳೇ ಆ ಪ್ರೋಟೋಕಾಲ್ ಮಾತಾಡುತ್ತವೆ. ಅದನ್ನು ನಿಲ್ಲಿಸಿದರೆ ವಿಸೆಂಟರೇ ಇಲ್ಲ.

ಇದೇ ಕೋಡಿನಲ್ಲಿ ಇದು ಮೊದಲ ತೂತೂ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಸಿವಿಇ-2023-34048, 2024ರ ಜೂನ್‌ನಲ್ಲಿ ಸಿವಿಇ-2024-37079 ಮತ್ತು 37080, ಸೆಪ್ಟೆಂಬರ್‌ನಲ್ಲಿ ಇದು. ವರ್ಷದೊಳಗೆ ಮೂರು ಸೂಚನೆ, ಎಲ್ಲವೂ ಡಿಸಿಇ-ಆರ್‌ಪಿಸಿಯವೇ. ಹಳೆಯ ಕೋಡಿನಲ್ಲಿ ಒಮ್ಮೆ ಅಗೆಯುವವರು ಕೂತರೆ ಇನ್ನೂ ಸಿಗುತ್ತದೆ ಅನ್ನುವುದು ನನ್ನ ಲೆಕ್ಕ. ಆದ್ದರಿಂದ ಪ್ಯಾಚ್ ಹಾಕಿ ಕೈತೊಳೆದುಕೊಳ್ಳುವುದಕ್ಕಿಂತ, ಆ ಪೋರ್ಟ್‌ಗಳನ್ನು ಮುಟ್ಟುವವರನ್ನೇ ಕಡಿಮೆ ಮಾಡಬೇಕು ಅಂತ ತೀರ್ಮಾನಿಸಿದೆ. ಮುಂದಿನದೆಲ್ಲ ಆ ತೀರ್ಮಾನದ ಹಿಂದೆಯೇ ನಡೆದದ್ದು.

ಪ್ಯಾಚ್‌ಗೂ ಮೊದಲು: ಯಾರಾದರೂ ಈಗಾಗಲೇ ಬಂದು ಹೋಗಿದ್ದಾರೆಯೇ

ಪ್ಯಾಚ್ ಬಾಗಿಲು ಮುಚ್ಚುತ್ತದೆ, ಒಳಗೆ ಕೂತವನನ್ನು ಹೊರಗೆ ಹಾಕುವುದಿಲ್ಲ. 2023ರ ತೂತಿನ ಉದಾಹರಣೆಯೇ ಸಾಕು. ಅದಕ್ಕೆ ಪ್ಯಾಚ್ ಬಂದದ್ದು ಅಕ್ಟೋಬರ್ 2023ರಲ್ಲಿ. 2024ರ ಜನವರಿಯಲ್ಲಿ ಮ್ಯಾಂಡಿಯಂಟ್ ಸಂಸ್ಥೆ ಹೇಳಿದ್ದೇನೆಂದರೆ, ಚೀನಾದ ನಂಟಿರುವ ಯುಎನ್‌ಸಿ3886 ಎಂಬ ಬೇಹುಗಾರಿಕೆ ಗುಂಪು 2021ರ ಕೊನೆಯಿಂದಲೇ ಅದನ್ನು ಬಳಸುತ್ತಿತ್ತು. ಹತ್ತಿರ ಹತ್ತಿರ ಎರಡು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಸುಳಿವು ಸಿಕ್ಕಿದ್ದು ಒಂದು ಸಣ್ಣ ಸಂಗತಿಯಿಂದ: ಬ್ಯಾಕ್‌ಡೋರ್ ಇಳಿಯುವ ಕೆಲವೇ ನಿಮಿಷ ಮೊದಲು ವಿಸೆಂಟರ್‌ನ ಡೈರೆಕ್ಟರಿ ಸೇವೆ, ಅಂದರೆ ವಿಎಂಡಿಐಆರ್‌ಡಿ, ಕ್ರ್ಯಾಶ್ ಆಗುತ್ತಿತ್ತು. ಕ್ರ್ಯಾಶ್ ಆದರೆ ಕೋರ್ ಡಂಪ್, ಅಂದರೆ ಆ ಕ್ಷಣದ ಮೆಮೊರಿಯ ನಕಲು ಫೈಲ್ ಉಳಿಯಬೇಕು, ವಿಸೆಂಟರ್ ಅದನ್ನು ತಾನಾಗಿ ಅಳಿಸುವುದಿಲ್ಲ. ಆದರೆ ದಾಳಿಗೆ ಸಿಕ್ಕ ಬಹುತೇಕ ಯಂತ್ರಗಳಲ್ಲಿ ಲಾಗ್‌ನಲ್ಲಿ ಕ್ರ್ಯಾಶ್ ಇತ್ತು, ಡಂಪ್ ಇರಲಿಲ್ಲ. ಯಾರೋ ಕೈಯಾರೆ ಅಳಿಸಿದ್ದರು.

ಇದನ್ನೇ ಹಿಡಿದು ನಾನೂ ನೋಡಿದೆ. ವಿಸೆಂಟರ್‌ನ /var/core ಡೈರೆಕ್ಟರಿಯಲ್ಲಿ ಏನಿದೆ, ವಿಮೊನ್ (vMon) ಕೋರ್ ಡಂಪರ್ ಲಾಗ್‌ನಲ್ಲಿ ಏನಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ಹಾಕಿದೆ. ವಿಎಂಡಿಐಆರ್‌ಡಿ ಹೆಸರಿನ ಸಾಲು ಲಾಗ್‌ನಲ್ಲಿ ಇರಲಿಲ್ಲ. ಇದ್ದ ಒಂದು ಹಳೆಯ ಡಂಪ್ ಬೇರೆ ಸೇವೆಯದು, ಡಿಸ್ಕ್ ತುಂಬಿದ ದಿನದ್ದು. ಆಮೇಲೆ ರೂಟ್ ಬಳಕೆದಾರನ ಎಸ್‌ಎಸ್‌ಎಚ್ ಕೀಲಿಗಳ ಫೈಲ್, ಕ್ರಾನ್ ಪಟ್ಟಿ, ಪಾಸ್‌ವರ್ಡ್ ಫೈಲಿನಲ್ಲಿ ಹೊಸ ಹೆಸರು ಇದೆಯೇ, ಇಷ್ಟನ್ನು ನೋಡಿದೆ.

ಹೋಸ್ಟ್‌ಗಳಲ್ಲಿ ವಿಐಬಿ ಪಟ್ಟಿ ತೆಗೆಸಿದೆ. ಇಎಸ್‌ಎಕ್ಸ್‌ಐಗೆ ಸಾಫ್ಟ್‌ವೇರ್ ಸೇರುವುದು ವಿಐಬಿ ಎಂಬ ಪೊಟ್ಟಣಗಳ ರೂಪದಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಇದೇ ಮ್ಯಾಂಡಿಯಂಟ್‌ನವರು, ಪಾರ್ಟ್ನರ್ ಕೊಟ್ಟದ್ದು ಅಂತ ಸುಳ್ಳು ಹಣೆಪಟ್ಟಿ ಹಚ್ಚಿಕೊಂಡು ಬಂದ ಕಳ್ಳ ವಿಐಬಿಗಳನ್ನು ತೋರಿಸಿದ್ದರು. ಅವುಗಳಿಗೆ ಅವರಿಟ್ಟ ಹೆಸರು ವರ್ಚುವಲ್‌ಪಿಟಾ, ವರ್ಚುವಲ್‌ಪೈ. ಆದ್ದರಿಂದ ಪಟ್ಟಿಯಲ್ಲಿ ಬರೆದ ಸ್ವೀಕಾರ ಮಟ್ಟವನ್ನು ನಂಬಿ ಕೂರಬಾರದು, ಸಹಿ ಪರಿಶೀಲಿಸುವ ಆಜ್ಞೆಯನ್ನೂ ಕೊಡಬೇಕು. ನಮ್ಮಲ್ಲಿ ಎಲ್ಲವೂ ಸರಿಯಿದ್ದವು. ಶೆಡ್‌ನ ಹೋಸ್ಟ್‌ನಲ್ಲಿ ಒಂದು ಮಾತ್ರ ಸಮುದಾಯ ಮಟ್ಟದ್ದು ಸಿಕ್ಕಿತು. ವಿಚಾರಿಸಿದರೆ ಹಳೆಯ ನೆಟ್‌ವರ್ಕ್ ಕಾರ್ಡಿನ ಡ್ರೈವರ್, ಆ ಕಾರ್ಡ್ ಈಗ ಯಂತ್ರದಲ್ಲೇ ಇಲ್ಲ. ತೆಗೆದೆ.

ಸಿಕ್ಕ ನಿಜವಾದ ಕೊಳೆ ಇನ್ನೆಲ್ಲೋ ಇತ್ತು. ವಿಸೆಂಟರ್‌ನ ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿ ಹಳೆಯ ಗುತ್ತಿಗೆದಾರರ ಹೆಸರಿನ ಎರಡು ಖಾತೆ, ಜೊತೆಗೆ ಬ್ಯಾಕಪ್ ಸಾಫ್ಟ್‌ವೇರ್‌ನ ಖಾತೆಯೂ ಪೂರ್ಣ ಅಡ್ಮಿನ್. ಬ್ಯಾಕಪ್‌ಗೆ ಅಷ್ಟು ಅಧಿಕಾರ ಬೇಕಿಲ್ಲ. ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯಲು, ಡಿಸ್ಕ್ ಓದಲು ಬೇಕಾದಷ್ಟನ್ನೇ ಸೇರಿಸಿ ಒಂದು ರೋಲ್ ಮಾಡಿ ಕೊಟ್ಟೆ. ಗುತ್ತಿಗೆದಾರರ ಖಾತೆ ಎರಡನ್ನೂ ಅಳಿಸಿದೆ. ಇಂಥವನ್ನು ಯಾವ ಸಿವಿಇ ಪಟ್ಟಿಯೂ ಹೇಳುವುದಿಲ್ಲ, ಒಳಗೆ ಬರುವವನಿಗೆ ಮಾತ್ರ 9.8ರ ತೂತಿಗಿಂತ ಇದೇ ಸಲೀಸು.

ದಾರಿ ಮುಚ್ಚಿದ್ದು

ವಿಸೆಂಟರ್, ಹೋಸ್ಟ್‌ಗಳ ಮ್ಯಾನೇಜ್‌ಮೆಂಟ್ ಐಪಿ, ಅಕೌಂಟ್ಸ್ ವಿಭಾಗದ ಪಿಸಿಗಳು, ಗೇಟಿನ ಸೆಕ್ಯೂರಿಟಿಯ ಕಂಪ್ಯೂಟರ್, ಆಫೀಸಿನ ಪ್ರಿಂಟರ್, ಎಲ್ಲವೂ ಒಂದೇ ನೆಟ್‌ವರ್ಕ್‌ನಲ್ಲಿದ್ದವು. ಅಕೌಂಟ್ಸ್‌ನ ಒಂದು ಪಿಸಿಯಲ್ಲಿ ಕೂತು ವಿಸೆಂಟರ್‌ನ 2012, 2014, 2020 ಈ ಮೂರು ಟಿಸಿಪಿ ಪೋರ್ಟ್‌ಗಳನ್ನು ತಟ್ಟಿ ನೋಡಿದೆ. 2023ರ ತೂತಿನ ಸಂದರ್ಭದಲ್ಲಿ ವಿಎಂವೇರ್ ಹೆಸರಿಸಿದ್ದು ಈ ಮೂರನ್ನೇ. ಮೂರೂ ತೆರೆದಿದ್ದವು. ಯಾರೋ ಒಬ್ಬರು ಸುಳ್ಳು ಇನ್‌ವಾಯ್ಸ್ ಮೇಲ್ ತೆರೆದರೆ ಸಾಕು, ಅಲ್ಲಿಂದ ವಿಸೆಂಟರ್‌ಗೆ ನಡುವೆ ತಡೆಯೇ ಇರಲಿಲ್ಲ.

ವಿಸೆಂಟರ್‌ನ 5480 ಪೋರ್ಟ್‌ನ ಅಡ್ಮಿನ್ ಪುಟದಲ್ಲೂ ಒಂದು ಫೈರ್‌ವಾಲ್ ಇದೆ. ಅದು ಐಪಿ ವಿಳಾಸ ನೋಡಿ ಒಪ್ಪುತ್ತದೆ ಅಥವಾ ತಳ್ಳುತ್ತದೆ ಅಷ್ಟೇ, ಪೋರ್ಟ್ ಪ್ರಕಾರ ವಿಂಗಡಿಸಲು ಬರುವುದಿಲ್ಲ. ಅದನ್ನೊಂದನ್ನೇ ನೆಚ್ಚುವುದು ನನಗೆ ಒಗ್ಗಲಿಲ್ಲ. ಬೇರೆ ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ, ವಿಸೆಂಟರ್, ಸರ್ವರ್ ಕೋಣೆಯ ಹೋಸ್ಟ್‌ಗಳ ಮ್ಯಾನೇಜ್‌ಮೆಂಟ್ ಐಪಿಗಳು, ಸರ್ವರ್‌ಗಳ ರಿಮೋಟ್ ಕಾರ್ಡ್‌ಗಳನ್ನು ಅದರೊಳಗೆ ಹಾಕಿ, ಬಾಗಿಲಲ್ಲಿ ನಮ್ಮ ಫೈರ್‌ವಾಲ್ ಕೂರಿಸುವುದು ಅಂತಾಯಿತು.

ವಿಸೆಂಟರ್‌ನ ಐಪಿ ಬದಲಿಸುವುದು ತಲೆನೋವು. ಪ್ರಮಾಣಪತ್ರ, ಡಿಎನ್‌ಎಸ್, ಬ್ಯಾಕಪ್ ಎಲ್ಲವೂ ಅದರ ಹೆಸರು-ವಿಳಾಸಕ್ಕೆ ಕಟ್ಟಿಕೊಂಡಿರುತ್ತವೆ. ಅದಕ್ಕೇ ಹಳೆಯ ಐಪಿ ಶ್ರೇಣಿಯನ್ನು ಮ್ಯಾನೇಜ್‌ಮೆಂಟ್‌ಗೇ ಬಿಟ್ಟು, ಆಫೀಸಿನ ಪಿಸಿಗಳನ್ನು ಹೊಸ ಶ್ರೇಣಿಗೆ ಎಬ್ಬಿಸಿದೆ. ಪಿಸಿಗಳು ಹೇಗೂ ಡಿಎಚ್‌ಸಿಪಿಯಿಂದ ವಿಳಾಸ ಪಡೆಯುತ್ತವೆ, ಒಮ್ಮೆ ಆರಿಸಿ ಹಚ್ಚಿದರೆ ಮುಗಿಯಿತು. ಪ್ರಿಂಟರ್‌ಗಳು ಮಾತ್ರ ಕಾಟ ಕೊಟ್ಟವು. ಅದನ್ನು ವಿವರಿಸುವುದಿಲ್ಲ, ಪ್ರಿಂಟರ್ ಇರುವ ಆಫೀಸಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ನಿಯಮಗಳು ಹೀಗೆ ನಿಂತವು. ಒಂದು ಜಂಪ್ ಯಂತ್ರದಿಂದ ಮಾತ್ರ ವಿಸೆಂಟರ್‌ನ 443 ಮತ್ತು 5480. ಆ ಜಂಪ್ ಯಂತ್ರಕ್ಕೆ ಲಾಗಿನ್ ಆಗಲು ಮೊಬೈಲಿನ ಓಟಿಪಿ ಬೇಕು. ಎಸ್‌ಎಸ್‌ಎಚ್ ಬೇಕಾದಾಗ ತೆರೆಯುವುದು, ಉಳಿದಂತೆ ಬಂದ್. ಬ್ಯಾಕಪ್ ಸರ್ವರ್‌ನಿಂದ ವಿಸೆಂಟರ್‌ಗೆ 443, ಹೋಸ್ಟ್‌ಗಳಿಗೆ 443 ಮತ್ತು 902. ಬೇರೆ ಏನೂ ಇಲ್ಲ.

ಹಚ್ಚಿದ ಕೂಡಲೇ ಸರ್ವರ್ ಕೋಣೆಯ ಎರಡು ಹೋಸ್ಟ್‌ಗಳು ತಣ್ಣಗೆ ಇದ್ದವು, ಶೆಡ್‌ನದ್ದು ಮಾತ್ರ ತರಲೆ ತೆಗೆಯಿತು. ವಿಸೆಂಟರ್‌ನಲ್ಲಿ ಕನೆಕ್ಟ್ ಕೊಟ್ಟರೆ ಸೇರಿಕೊಳ್ಳುತ್ತದೆ, ಸುಮಾರು ಒಂದು ನಿಮಿಷಕ್ಕೆ ‘ನಾಟ್ ರೆಸ್ಪಾಂಡಿಂಗ್’ ಅನ್ನುತ್ತದೆ. ಮತ್ತೆ ಕೊಟ್ಟರೆ ಮತ್ತೆ ಅದೇ. ಒಂದು ನಿಮಿಷ ಅನ್ನುವುದೇ ಇಲ್ಲಿ ಸುಳಿವು. ಹೋಸ್ಟ್ ಪ್ರತಿ 10 ಸೆಕೆಂಡಿಗೊಮ್ಮೆ ವಿಸೆಂಟರ್‌ಗೆ ‘ಬದುಕಿದ್ದೇನೆ’ ಅಂತ ಒಂದು ಪ್ಯಾಕೆಟ್ ಕಳಿಸುತ್ತದೆ. 60 ಸೆಕೆಂಡ್ ಅದು ಕಾಣದಿದ್ದರೆ ವಿಸೆಂಟರ್ ಕೈಬಿಡುತ್ತದೆ. ಆ ಪ್ಯಾಕೆಟ್ ಹೋಗುವುದು 902ರಲ್ಲೇ, ಆದರೆ ಯುಡಿಪಿಯಲ್ಲಿ. ಗುತ್ತಿಗೆದಾರರು ಬಿಟ್ಟುಹೋದ ಪೋರ್ಟ್ ಚಾರ್ಟ್‌ನಲ್ಲಿ ಟಿಸಿಪಿ 902 ಮಾತ್ರ ಬರೆದಿತ್ತು. ಸರ್ವರ್ ಕೋಣೆಯ ಹೋಸ್ಟ್‌ಗಳು ವಿಸೆಂಟರ್ ಇದ್ದ ವಿಲ್ಯಾನ್‌ನಲ್ಲೇ ಇದ್ದದ್ದರಿಂದ ಅವುಗಳ ಪ್ಯಾಕೆಟ್ ಫೈರ್‌ವಾಲ್ ದಾಟಬೇಕಿರಲಿಲ್ಲ, ಶೆಡ್‌ನದ್ದು ದಾಟಬೇಕಿತ್ತು. ಫೈರ್‌ವಾಲ್ ಲಾಗ್‌ನಲ್ಲಿ ಬಿದ್ದ ಪ್ಯಾಕೆಟ್‌ಗಳು ಸಾಲಾಗಿ ಕಂಡವು. ಯುಡಿಪಿ 902ಕ್ಕೆ ದಾರಿ ಕೊಟ್ಟೆ, ಹೋಸ್ಟ್ ನಿಂತಿತು.

ಮತ್ತೆ ಅಕೌಂಟ್ಸ್ ಪಿಸಿಗೆ ಹೋಗಿ ಅದೇ ಮೂರು ಪೋರ್ಟ್ ತಟ್ಟಿದೆ. ಉತ್ತರವೇ ಇಲ್ಲ. 443 ಕೂಡ ಇಲ್ಲ. ಪ್ಯಾಚ್ ಇನ್ನೂ ಹಾಕಿಯೇ ಇರಲಿಲ್ಲ, ಆದರೂ ಅಂದು ರಾತ್ರಿ ನಿದ್ದೆ ಬಂತು.

ಪ್ಯಾಚ್‌ಗೆ ತಯಾರಿ

ಪ್ರೊಡಕ್ಷನ್ ಮ್ಯಾನೇಜರ್ ಸಾಹೇಬರ ಒಪ್ಪಿಗೆ ಬೇಕಿತ್ತು. ಅವರ ಪ್ರಶ್ನೆ ಒಂದೇ: ‘ಇಆರ್‌ಪಿ ಬಂದ್ ಆಗ್ತೈತೇನ್ರೀ? ರಾತ್ರಿ ಪಾಳಿಯಾಗ ಹೀಟ್ ನಂಬರ್ ಎಂಟ್ರಿ ನಿಲ್ಲಬಾರ್ದು ನೋಡ್ರಿ.’

‘ಇಲ್ರೀ ಸಾಹೇಬ್ರ, ಇಆರ್‌ಪಿ ಚಾಲೂನ ಇರ್ತೈತಿ. ನಮಗ ಮ್ಯಾನೇಜ್ ಮಾಡೋ ಸ್ಕ್ರೀನ್ ಅಷ್ಟ ಒಂದ್ ತಾಸು ಇರೂದಿಲ್ಲ.’

ಇದು ಅನೇಕರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಪ್ಯಾಚ್ ಮುಂದೆ ಮುಂದೆ ಹೋಗುತ್ತದೆ. ವಿಸೆಂಟರ್ ಆರಿದರೂ ವಿಎಂಗಳು ಓಡುತ್ತಿರುತ್ತವೆ. ಒಂದು ಹೋಸ್ಟ್ ಕೆಟ್ಟರೆ ವಿಎಂಗಳನ್ನು ಇನ್ನೊಂದರಲ್ಲಿ ಎಬ್ಬಿಸುವ ಎಚ್‌ಎ ಕೂಡ ಹೋಸ್ಟ್‌ಗಳ ಒಳಗಿನ ಏಜೆಂಟ್‌ಗಳ ಕೆಲಸ, ಅದಕ್ಕೆ ವಿಸೆಂಟರ್ ಎಚ್ಚರವಿರಬೇಕಿಲ್ಲ. ನಿಲ್ಲುವುದು ಓಡುವ ವಿಎಂ ಅನ್ನು ಇನ್ನೊಂದು ಹೋಸ್ಟ್‌ಗೆ ಸಾಗಿಸುವ ವಿಮೋಷನ್, ಹೋಸ್ಟ್‌ಗಳ ನಡುವೆ ಹೊರೆ ಹಂಚುವ ಡಿಆರ್‌ಎಸ್, ಬ್ಯಾಕಪ್ ಇಂಥವು. ಸಾಹೇಬರು ಒಪ್ಪಿದರು, ವಾರದ ರಜೆಯ ದಿನ ಅಂತ ಆಯಿತು.

ಪ್ಯಾಚ್ ಐಎಸ್‌ಒ ಇಳಿಸಿದೆ. 8.0 ಅಪ್‌ಡೇಟ್ 3ಬಿ, ಬಿಲ್ಡ್ 24262322. ಡೌನ್‌ಲೋಡ್ ಪುಟದಲ್ಲಿ ಎರಡು ಬಗೆಯ ಐಎಸ್‌ಒ ಇರುತ್ತವೆ: ಹೊಸದಾಗಿ ಅಳವಡಿಸಲು ಒಂದು, ಹೆಸರಿನ ಕೊನೆಗೆ ಪ್ಯಾಚ್-ಎಫ್‌ಪಿ ಅಂತ ಇರುವುದು ಇನ್ನೊಂದು. ಬೇಕಾದದ್ದು ಎರಡನೆಯದು. ಇಳಿಸಿದ ಮೇಲೆ ಎಸ್‌ಎಚ್‌ಎ-256 ಮೊತ್ತ ತಾಳೆ ನೋಡಿದೆ.

5480ರ ಪುಟಕ್ಕೆ ರೂಟ್ ಆಗಿ ಒಳಹೋಗಲು ನೋಡಿದರೆ ಪಾಸ್‌ವರ್ಡ್ ಒಪ್ಪಲಿಲ್ಲ. ವಿಸೆಂಟರ್‌ನ ರೂಟ್ ಪಾಸ್‌ವರ್ಡ್ ಬದಲಿಸದಿದ್ದರೆ 90 ದಿನಕ್ಕೆ ಅವಧಿ ಮುಗಿಯುತ್ತದೆ, ಯಾರೂ ಅದನ್ನು ದಿನವೂ ಬಳಸದ ಕಾರಣ ಪ್ಯಾಚ್ ಹಾಕುವ ದಿನವೇ ಗೊತ್ತಾಗುತ್ತದೆ. ದಾರಿ ಇದೆ. ವಿಸೆಂಟರ್ ವಿಎಂನ ಕನ್ಸೋಲ್ ತೆರೆದು ರೀಬೂಟ್ ಮಾಡಬೇಕು, ಫೋಟಾನ್ ಓಎಸ್ ಚಿತ್ರ ಬಂದ ಕೂಡಲೇ ‘ಇ’ ಒತ್ತಿ ಗ್ರಬ್ ಸಾಲು ತೆರೆಯಬೇಕು, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೇರವಾಗಿ ಬ್ಯಾಶ್ ಷೆಲ್ ಕೊಡುವಂತೆ ಬರೆದು ಬೂಟ್ ಮಾಡಬೇಕು. ಷೆಲ್ ಬಂದ ಮೇಲೆ ಪಾಸ್‌ವರ್ಡ್ ಬದಲಿಸುವುದು ಮಾಮೂಲಿ ಲಿನಕ್ಸ್ ಕೆಲಸ. ಬದಲಿಸಿದ ನಂತರ ಅವಧಿಯ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಹಾಕಿಟ್ಟೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಹೀಗೆ ಕನ್ಸೋಲ್ ಸಿಕ್ಕವನು ಯಾರೇ ಆದರೂ ವಿಸೆಂಟರ್‌ನ ರೂಟ್ ಆಗಬಲ್ಲ. ಅಂದರೆ ಹೋಸ್ಟ್‌ನ ರೂಟ್ ಪಾಸ್‌ವರ್ಡ್ ಎಂದರೆ ವಿಸೆಂಟರ್‌ನ ಪಾಸ್‌ವರ್ಡೇ. ಮೂರೂ ಹೋಸ್ಟ್‌ಗೆ ಒಂದೇ ಪಾಸ್‌ವರ್ಡ್ ಇತ್ತು, ಬೇರೆ ಬೇರೆ ಮಾಡಿದೆ.

ಆಮೇಲೆ ಡಿಸ್ಕ್. ಸ್ಟೋರೇಜ್ ಆರ್ಕೈವ್ ವಿಭಾಗ ಬಹುತೇಕ ತುಂಬಿರುವುದು ಕಂಡರೆ ಗಾಬರಿ ಬೇಡ. ಅದು ಡೇಟಾಬೇಸಿನ ಹಳೆಯ ಲಾಗ್‌ಗಳ ಜಾಗ, ತುಂಬಿಯೇ ಇರಬೇಕೆಂದು ಮಾಡಿದ್ದು, ಹಳೆಯದನ್ನು ತಾನೇ ತಳ್ಳಿಕೊಳ್ಳುತ್ತದೆ. ನೋಡಬೇಕಾದ್ದು ಸ್ಟೋರೇಜ್ ಲಾಗ್ ವಿಭಾಗ, ನಮ್ಮಲ್ಲಿ ಅದೂ ಅಂಚಿಗೆ ಬಂದಿತ್ತು. ಅದು ವಿಎಂನ ಐದನೇ ಹಾರ್ಡ್ ಡಿಸ್ಕ್. ಗಾತ್ರ ಹೆಚ್ಚಿಸಿ, ಆಟೋಗ್ರೋ ಎಂಬ ಸ್ಕ್ರಿಪ್ಟ್ ಓಡಿಸಿದರೆ ಒಳಗಿನ ವಿಭಾಗ ತಾನೇ ಹಿಗ್ಗುತ್ತದೆ. ಸ್ನ್ಯಾಪ್‌ಶಾಟ್ ಇರುವಾಗ ಡಿಸ್ಕ್ ಹಿಗ್ಗಿಸಲು ಬರುವುದಿಲ್ಲ. ಆದ್ದರಿಂದ ಇದು ಮೊದಲು, ಸ್ನ್ಯಾಪ್‌ಶಾಟ್ ಆಮೇಲೆ.

ಬ್ಯಾಕಪ್ ಎರಡು ಬಗೆಯದು ತೆಗೆದೆ. 5480ರ ಪುಟದಿಂದ ನ್ಯಾಸ್‌ಗೆ (ನೆಟ್‌ವರ್ಕ್‌ನಲ್ಲಿರುವ ಸ್ಟೋರೇಜ್ ಪೆಟ್ಟಿಗೆ) ಎಸ್‌ಎಫ್‌ಟಿಪಿ ಮೂಲಕ ಫೈಲ್ ಬ್ಯಾಕಪ್. ಇದನ್ನು ಮರಳಿ ಹಾಕಬೇಕಾದರೆ ಅದೇ ಬಿಲ್ಡ್‌ನ ಪೂರ್ಣ ಐಎಸ್‌ಒ ಬೇಕು, ಹಾಗಾಗಿ ಹಳೆಯ ಅಪ್‌ಡೇಟ್ 2ರ ಐಎಸ್‌ಒ ಅನ್ನೂ ಹುಡುಕಿ ಅದರ ಪಕ್ಕದಲ್ಲೇ ಇಟ್ಟೆ. ಇನ್ನೊಂದು, ವಿಸೆಂಟರ್ ಬಂದ್ ಮಾಡಿ ತೆಗೆದ ಸ್ನ್ಯಾಪ್‌ಶಾಟ್. ವಿಸೆಂಟರ್ ಆರಿದ ಮೇಲೆ ಅದರ ಪರದೆಯೇ ಇರುವುದಿಲ್ಲವಲ್ಲ, ಅದು ಯಾವ ಹೋಸ್ಟ್‌ನ ಮೇಲಿದೆ ಅಂತ ಮೊದಲೇ ಬರೆದಿಟ್ಟುಕೊಂಡು ಆ ಹೋಸ್ಟ್‌ಗೆ ನೇರವಾಗಿ ಲಾಗಿನ್ ಆಗಬೇಕು. ಇಲ್ಲದಿದ್ದರೆ ಒಂದೊಂದೇ ಹೋಸ್ಟ್ ತೆರೆದು ಹುಡುಕುವ ಕೆಲಸ.

ಪ್ಯಾಚ್

ಬ್ರೌಸರ್ ಬದಲು ಎಸ್‌ಎಸ್‌ಎಚ್ ತೆರೆದು ಅಪ್ಲಯನ್ಸ್ ಷೆಲ್‌ನಲ್ಲೇ ಮಾಡಿದೆ, ಏನು ನಡೆಯುತ್ತಿದೆ ಎಂದು ಸಾಲು ಸಾಲಾಗಿ ಕಾಣುತ್ತದೆ. ಐಎಸ್‌ಒ ಅನ್ನು ವಿಎಂನ ಸಿಡಿ ಡ್ರೈವ್‌ಗೆ ಜೋಡಿಸಿ, ಸಾಫ್ಟ್‌ವೇರ್-ಪ್ಯಾಕೇಜಸ್ ಆಜ್ಞೆಯಿಂದ ಮೊದಲು ಸ್ಟೇಜ್ (ಪ್ಯಾಚ್ ಫೈಲ್‌ಗಳನ್ನು ಒಳಗೆ ತಂದಿಡುವುದು), ಸ್ಟೇಜ್ ಆದ ಪಟ್ಟಿ ನೋಡಿ ನಂತರ ಇನ್‌ಸ್ಟಾಲ್. ಸ್ಟೇಜ್ ಮಾಡುವಾಗ ವಿಸೆಂಟರ್ ಓಡುತ್ತಲೇ ಇರುತ್ತದೆ, ಹಾಗಾಗಿ ಅದನ್ನು ಹಿಂದಿನ ದಿನವೇ ಮುಗಿಸಿ ಇಟ್ಟುಕೊಳ್ಳಬಹುದು. 8.0ರಲ್ಲಿ ಪಕ್ಕದಲ್ಲೇ ಹೊಸ ವಿಸೆಂಟರ್ ಎಬ್ಬಿಸಿ ಅದಕ್ಕೆ ಜಾರುವ, ನಿಲುಗಡೆ ಕಡಿಮೆ ಇರುವ ವಿಧಾನವೂ ಇದೆ. ಸಾವಿರಾರು ವಿಎಂ ಇರುವವರಿಗೆ ಅದು ಸರಿ, ನಮಗೆ ಅಷ್ಟು ಸೊಗಸು ಬೇಡ.

ಇನ್‌ಸ್ಟಾಲ್ ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಪ್ಯಾಚ್‌ರನ್ನರ್ ಲಾಗ್ ಅನ್ನು ಇನ್ನೊಂದು ಕಿಟಕಿಯಲ್ಲಿ ಓಡಲು ಬಿಟ್ಟಿದ್ದೆ. ರೀಬೂಟ್ ಆದ ಮೇಲೆ ಬ್ರೌಸರ್‌ನಲ್ಲಿ ‘ನೋ ಹೆಲ್ದಿ ಅಪ್‌ಸ್ಟ್ರೀಮ್’ ಅಂತ ಒಂದೇ ಸಾಲು ಬರುತ್ತದೆ. ಮೊದಲ ಸಲ ನೋಡುವವರು ಎಲ್ಲ ಹೋಯಿತು ಅಂತಲೇ ಸ್ನ್ಯಾಪ್‌ಶಾಟ್‌ಗೆ ಕೈಹಾಕುತ್ತಾರೆ. ಹೋಗಿಲ್ಲ. ಮುಂದಿನ ಪ್ರಾಕ್ಸಿ ಎದ್ದಿದೆ, ಹಿಂದಿನ ಯುಐ ಸೇವೆ ಇನ್ನೂ ಏಳುತ್ತಿದೆ ಅಂತ ಅರ್ಥ. ಒಂದು ಚಹಾ ಕುಡಿದು ಬರಬೇಕು. ಬಂದಾಗ ಲಾಗಿನ್ ಪುಟ ಇತ್ತು.

ಪರೀಕ್ಷೆ: ಬಿಲ್ಡ್ ಸಂಖ್ಯೆ ಸರಿಯಿದೆ, ಸರ್ವಿಸ್-ಕಂಟ್ರೋಲ್ ಪಟ್ಟಿಯಲ್ಲಿ ಓಡಬೇಕಾದವು ಓಡುತ್ತಿವೆ, ಮೂರೂ ಹೋಸ್ಟ್ ಕನೆಕ್ಟ್ ಆಗಿವೆ, ಒಂದು ವಿಎಂ ವಿಮೋಷನ್ ಆಯಿತು, ಹೊಸ ಕಡಿಮೆ-ಅಧಿಕಾರದ ಖಾತೆಯಿಂದ ಬ್ಯಾಕಪ್ ಜಾಬ್ ಪಾಸ್. ಕೆಲವು ದಿನ ಬಿಟ್ಟು ಸ್ನ್ಯಾಪ್‌ಶಾಟ್ ಅಳಿಸಿದೆ. ಅದನ್ನು ತಿಂಗಳುಗಟ್ಟಲೆ ಇಡುವವರಿದ್ದಾರೆ, ಡೇಟಾಸ್ಟೋರ್ ತುಂಬಿ ವಿಸೆಂಟರ್ ನಿಲ್ಲುವುದೇ ಆಗ.

ಹೋಸ್ಟ್‌ಗಳ ಸರದಿ

ವಿಸೆಂಟರ್ ಮೇಲಿನ ಆವೃತ್ತಿಗೆ ಹೋದ ಮೇಲೆ ಹೋಸ್ಟ್‌ಗಳನ್ನೂ ಅಪ್‌ಡೇಟ್ 3ಕ್ಕೆ ಏರಿಸುವ ದಾರಿ ತೆರೆಯಿತು. ಈ ಕ್ರಮ ತಿರುವುಮುರುವಾಗಬಾರದು, ಮೊದಲು ವಿಸೆಂಟರ್, ಆಮೇಲೆ ಹೋಸ್ಟ್. ಏರಿಸಲು ನನಗೆ ಇನ್ನೊಂದು ಕಾರಣವೂ ಇತ್ತು, ಸಿವಿಇ-2024-37085.

ಇದರ ತೀವ್ರತೆ ಅಂಕ 6.8 ಮಾತ್ರ, ಅಂಕ ನೋಡಿ ಕೆಲಸ ಹಂಚುವವರು ಇದನ್ನು ಕೊನೆಗೆ ಇಡುತ್ತಾರೆ. ಆದರೆ ಸಂಗತಿ ಭಯಂಕರ ಸರಳ. ಇಎಸ್‌ಎಕ್ಸ್‌ಐ ಹೋಸ್ಟ್ ಅನ್ನು ಆಕ್ಟಿವ್ ಡೈರೆಕ್ಟರಿಗೆ ಸೇರಿಸಿದ್ದರೆ, ಆ ಡೊಮೇನ್‌ನಲ್ಲಿ ‘ಇಎಸ್‌ಎಕ್ಸ್ ಅಡ್ಮಿನ್ಸ್’ ಎಂಬ ಹೆಸರಿನ ಗುಂಪಿನಲ್ಲಿ ಇರುವ ಎಲ್ಲರೂ ಹೋಸ್ಟ್‌ನ ಪೂರ್ಣ ಅಡ್ಮಿನ್. ಆ ಗುಂಪು ಮೊದಲಿಂದ ಇರುವುದಿಲ್ಲ. ಡೊಮೇನ್‌ನಲ್ಲಿ ಗುಂಪು ಮಾಡುವ ಅಧಿಕಾರ ಸಿಕ್ಕವನು ಆ ಹೆಸರಿನದ್ದೊಂದು ಮಾಡಿ ತನ್ನನ್ನೇ ಸೇರಿಸಿಕೊಂಡರೆ ಆಯಿತು. 2024ರ ಜುಲೈ ಕೊನೆಗೆ ಮೈಕ್ರೋಸಾಫ್ಟ್ ಇದನ್ನು ಬಯಲಿಗಿಟ್ಟಿತು, ಅಕಿರಾ ಮತ್ತು ಬ್ಲ್ಯಾಕ್ ಬಾಸ್ಟಾ ರ‍್ಯಾನ್‌ಸಮ್‌ವೇರ್ ಹಚ್ಚುವವರು ಆಗಲೇ ಬಳಸುತ್ತಿದ್ದರು. ಹೋಸ್ಟ್‌ನ ಅಡ್ಮಿನ್ ಆದವನು ಒಂದೊಂದು ವಿಂಡೋಸ್ ಯಂತ್ರದ ಜೊತೆ ಗುದ್ದಾಡಬೇಕಿಲ್ಲ, ಎಲ್ಲ ವಿಎಂಗಳ ಡಿಸ್ಕ್ ಫೈಲನ್ನು ಒಟ್ಟಿಗೆ ಎನ್‌ಕ್ರಿಪ್ಟ್ ಮಾಡುತ್ತಾನೆ.

ಪರಿಹಾರ ಬಂದದ್ದು 8.0 ಅಪ್‌ಡೇಟ್ 3ರಲ್ಲಿ. 7.0ಕ್ಕೆ ಪ್ಯಾಚ್ ಕೊಡುವ ಯೋಜನೆ ಇಲ್ಲ ಅಂತಲೇ ಸೂಚನೆಯಲ್ಲಿತ್ತು. 7.0 ಇರುವವರು ಹೋಸ್ಟ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ ಆ ಗುಂಪನ್ನು ತಾನಾಗಿ ಸೇರಿಸಿಕೊಳ್ಳುವ ಆಯ್ಕೆಯನ್ನು ಬಂದ್ ಮಾಡಿ, ಗುಂಪಿನ ಹೆಸರನ್ನು ಖಾಲಿ ಮಾಡಬೇಕು. ನಾನು ಅಪ್‌ಡೇಟ್, ಸೆಟ್ಟಿಂಗ್ ಎರಡನ್ನೂ ಮಾಡಿದೆ, ಮೇಲಿಂದ ಹೋಸ್ಟ್‌ಗಳನ್ನು ಡೊಮೇನ್‌ನಿಂದಲೇ ಬಿಡಿಸಿದೆ. ಮೂರು ಹೋಸ್ಟ್‌ಗೆ ಡೊಮೇನ್ ಲಾಗಿನ್ ಯಾಕೆ ಬೇಕು ಅಂತ ಯಾರಿಗೂ ಹೇಳಲು ಬರಲಿಲ್ಲ.

ಅಕ್ಟೋಬರ್

ಅಕ್ಟೋಬರ್ 21ರಂದು ಅದೇ ಸೂಚನೆ ಮತ್ತೆ ಬಂತು. ಸಿವಿಇ-2024-38812ಕ್ಕೆ ಸೆಪ್ಟೆಂಬರ್ 17ರಂದು ಕೊಟ್ಟ ಪ್ಯಾಚ್ ತೂತನ್ನು ಪೂರ್ತಿ ಮುಚ್ಚಿರಲಿಲ್ಲ, ಹೊಸದನ್ನು ಹಾಕಿ ಅಂತ. 8.0ಕ್ಕೆ ಅಪ್‌ಡೇಟ್ 3ಡಿ, ಬಿಲ್ಡ್ 24322831. ಅಪ್‌ಡೇಟ್ 2ರಲ್ಲೇ ಉಳಿಯಬೇಕಾದವರಿಗೆ ಈ ಸಲ 2ಇ ಅಂತ ಬೇರೆ ಕೊಟ್ಟಿದ್ದರು. 7.0ಕ್ಕೆ ಅಪ್‌ಡೇಟ್ 3ಟಿ.

ಇದನ್ನು ಸಾಹೇಬರಿಗೆ ವಿವರಿಸುವುದು ಕಷ್ಟವಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ‘ಅಂದ್ರ ಮ್ಯಾಲೆ ವೆಲ್ಡ್ ಮಾಡಿ ಗ್ರೈಂಡ್ ಹೊಡದಾರ, ಒಳಗ ಬ್ಲೋಹೋಲ್ ಹಂಗ ಉಳದೈತಿ ಅನ್ರಿ’ ಅಂದರು. ಎರಕದವರಿಗೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಸಂಖ್ಯೆ ಬದಲಾಗದೇ ಇದ್ದದ್ದೇ ಇಲ್ಲಿನ ಅಪಾಯ. ಸಿವಿಇ ಸಂಖ್ಯೆ ಅದೇ, ಸೂಚನೆಯ ಸಂಖ್ಯೆಯೂ ಅದೇ. ಸೆಪ್ಟೆಂಬರ್‌ನಲ್ಲಿ ‘ಮುಗಿದಿದೆ’ ಅಂತ ಟಿಕ್ ಹಾಕಿದ ಎಕ್ಸೆಲ್ ಹಾಳೆ ತಾನಾಗಿ ಎದ್ದು ಕೂರುವುದಿಲ್ಲ. ಅಂದಿನಿಂದ ನಮ್ಮ ಹಾಳೆಯಲ್ಲಿ ಸಿವಿಇ ಪಕ್ಕದಲ್ಲಿ ಎರಡು ಹೊಸ ಕಾಲಂ: ಹಾಕಿದ ಬಿಲ್ಡ್ ಸಂಖ್ಯೆ, ಸೂಚನೆಯನ್ನು ಕೊನೆಯದಾಗಿ ಓದಿದ ದಿನಾಂಕ. ಪ್ರತಿ ಸೋಮವಾರ ಬೆಳಿಗ್ಗೆ ಹಳೆಯ ಸೂಚನೆಗಳ ಬದಲಾವಣೆ ಪಟ್ಟಿಯ ಮೇಲೂ ಕಣ್ಣಾಡಿಸುತ್ತೇನೆ.

ದೀಪಾವಳಿ ಬೋನಸ್ ಲೆಕ್ಕ ನಡೆಯುತ್ತಿದ್ದ ದಿನಗಳವು, ಅಕೌಂಟ್ಸ್‌ನವರು ಸರ್ವರ್ ಕೋಣೆಯ ಬಾಗಿಲು ತೆರೆದರೂ ತಿರುಗಿ ನೋಡುತ್ತಿದ್ದರು. ಆದರೂ ಈ ಸಲ ಧಾವಂತ ಇರಲಿಲ್ಲ. 2012, 2014, 2020 ಪೋರ್ಟ್‌ಗಳು ಜಂಪ್ ಯಂತ್ರಕ್ಕೂ ಕಾಣುತ್ತಿರಲಿಲ್ಲ, ಆಫೀಸ್ ಪಿಸಿಗಳ ಮಾತಂತೂ ದೂರ. ಲೆಕ್ಕ ಮುಗಿದ ಮೇಲಿನ ರಜೆಗೆ ಕಾದೆ. ರೂಟ್ ಪಾಸ್‌ವರ್ಡ್ ಚಾಲ್ತಿಯಲ್ಲಿತ್ತು, ಲಾಗ್ ಡಿಸ್ಕ್‌ನಲ್ಲಿ ಜಾಗವಿತ್ತು, ಸ್ಟೇಜ್ ಹಿಂದಿನ ಸಂಜೆಯೇ ಆಗಿತ್ತು. ಸೆಪ್ಟೆಂಬರ್‌ನ ಕೆಲಸದ ಬಗ್ಗೆ ಇಷ್ಟುದ್ದ ಬರೆದೆ, ಅಕ್ಟೋಬರ್‌ನದ್ದಕ್ಕೆ ಈ ಒಂದು ಪ್ಯಾರಾ ಸಾಕು.

ನವೆಂಬರ್ 18ರಂದು ಬ್ರಾಡ್‌ಕಾಮ್ ಸೂಚನೆಯನ್ನು ಮತ್ತೆ ತಿದ್ದಿತು: ಎರಡೂ ಲೋಪಗಳನ್ನು ಹೊರಗೆ ನಿಜವಾಗಿ ಬಳಸಲಾಗುತ್ತಿದೆ ಎಂದು ಖಚಿತಪಡಿಸಿತು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ತನ್ನ ‘ಬಳಕೆಯಲ್ಲಿರುವ ಲೋಪಗಳ’ ಪಟ್ಟಿಗೆ ಸೇರಿಸಿಕೊಂಡಿತು.

ಆಮೇಲೆ ಉಳಿದದ್ದು ಲಾಗ್‌ಗಳ ವಿಚಾರ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇಟ್ಟಿರಬೇಕು, ಘಟನೆ ನಡೆದರೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ವಿಸೆಂಟರ್ ತನ್ನೊಳಗೆ ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ, ತಿರುಗಿಸಿ ಅಳಿಸುತ್ತದೆ. ಅಲ್ಲದೆ ಒಳಗೆ ಬಂದವನು ಮೊದಲು ಅಳಿಸುವುದೂ ಅದನ್ನೇ, ಕೋರ್ ಡಂಪ್ ಅಳಿಸಿದವರ ಕಥೆ ಮೇಲೆಯೇ ಇದೆಯಲ್ಲ. 5480ರ ಪುಟದಲ್ಲಿ ಲಾಗ್‌ಗಳನ್ನು ಬೇರೆ ಯಂತ್ರಕ್ಕೆ ಕಳಿಸುವ ಸಿಸ್‌ಲಾಗ್ ವಿಭಾಗದಲ್ಲಿ ಮೂರು ವಿಳಾಸದವರೆಗೆ ಕೊಡಬಹುದು, ಟಿಎಲ್‌ಎಸ್ ಕೂಡ ಇದೆ. ಕ್ಲಸ್ಟರ್‌ಗೆ ಸೇರದ, ಡೊಮೇನ್‌ಗೂ ಸೇರದ ಒಂದು ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ ಅಲ್ಲಿಗೆ ತಿರುಗಿಸಿದ್ದೇನೆ. ಹೋಸ್ಟ್‌ಗಳ ಲಾಗ್ ಕೂಡ ಅಲ್ಲಿಗೇ. ಅದರ ಡಿಸ್ಕ್ 180 ದಿನಕ್ಕೆ ಸಾಲುವುದಿಲ್ಲ ಅಂತ ಮೊದಲ ತಿಂಗಳಲ್ಲೇ ಲೆಕ್ಕ ಸಿಕ್ಕಿತು, 4 ಟಿಬಿಯ ಒಂದು ಡಿಸ್ಕ್‌ಗೆ ಪರ್ಚೇಸ್ ವಿಭಾಗಕ್ಕೆ ಇಂಡೆಂಟ್ ಕೊಟ್ಟಿದ್ದೇನೆ.